ಶೇಕಡ ತೊಂಬತ್ತೆಂಟು ನಮ್ಮ ಮಾತು

ಅತ್ತೆ ಹಾಸಿಗೆ ಹಿಡಿದ ಮೂರು ವರ್ಷ ಅವರ ಗಂಡ, ನನ್ನ ಸೋದರಮಾವ, ದಿನಾ ಸಂಜೆ ಅವರ ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತು, ಅವರು ಆಡಿದ್ದನ್ನೆಲ್ಲ ಟೈಪ್ ಮಾಡಿದರು. ಬೈದದ್ದು, ನೆನಪಿಸಿಕೊಂಡದ್ದು, ನೆರೆಮನೆಯವರನ್ನು ಆಡಿಕೊಂಡದ್ದು, ಎಲ್ಲ. ಕಚೇರಿಯಲ್ಲಿ ನಲವತ್ತು ವರ್ಷ ಟೈಪಿಸ್ಟ್ ಆಗಿದ್ದ ಮನುಷ್ಯ, ಕೈ ಸುಮ್ಮನಿರುತ್ತಿರಲಿಲ್ಲ. ಅತ್ತೆ ಹೋದರು. ಆಮೇಲೆ ಮಾವನ ಕಣ್ಣೂ ಹೋಯಿತು. ಈಗ ಅವರಿಗೆ ಬೇಕಿದ್ದದ್ದು ಒಂದೇ: ಅದನ್ನು ಯಾರಾದರೂ ಓದಿ ಹೇಳಬೇಕು.

ಓದೋಣವೆಂದು ನಾನು ತೆರೆದರೆ ಬರೀ ಕೊಕ್ಕೆ, ಚುಕ್ಕೆ, ಯಾವುದೋ ದೇಶದ ಅಕ್ಷರ. ಫೈಲಿನೊಳಗೆ ಇರುವುದು ಅಂಕಿಗಳು ಮಾತ್ರ; ಯಾವ ಅಂಕಿಗೆ ಯಾವ ಅಕ್ಷರ ಎಂದು ಹೇಳುವ ಅಕ್ಷರಪಟ್ಟಿಗಳು ನೂರಾರಿವೆ. ಯಾವ ಫೈಲಿಗೆ ಯಾವ ಪಟ್ಟಿ, ಅದು ಯಾವ ಭಾಷೆ ಎಂದು ಊಹಿಸುವ ಒಂದು ಸಾಫ್ಟ್‌ವೇರ್ ಲೈಬ್ರರಿಯಿದೆ, ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಕೋಡ್. ಬಿಡುವಿನಲ್ಲಿ ಪುಕ್ಕಟೆ ಅದಕ್ಕೆ ದುಡಿಯುವವರಲ್ಲಿ ನಾನೂ ಒಬ್ಬಳು. ಅದಕ್ಕೆ ಅರವತ್ತು ಭಾಷೆ ಗೊತ್ತು, ನಮ್ಮ ಮನೆಮಾತು ಗೊತ್ತಿಲ್ಲ. ನಮ್ಮದನ್ನು ಕೊಟ್ಟಾಗಲೆಲ್ಲ ಇನ್ನೊಬ್ಬರ ಭಾಷೆಯ ಹೆಸರು ಹೇಳಿ ಕೈತೊಳೆದುಕೊಳ್ಳುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಾವನ ಫೈಲುಗಳನ್ನಷ್ಟೇ ಕೈಯಾರೆ ತೆರೆಯುವುದು ಒಂದು ಮಧ್ಯಾಹ್ನದ ಕೆಲಸ. ಆದರೆ ನನಗೆ ಆ ಅರವತ್ತರ ಜೊತೆ ನಮ್ಮ ಹೆಸರೂ ಬೇಕಿತ್ತು. ಯಾವ ಅಕ್ಷರದ ಹಿಂದೆ ಯಾವುದು ಎಷ್ಟು ಸಲ ಬರುತ್ತದೆಂದು ಎಣಿಸಿಯೇ ಲೈಬ್ರರಿ ಭಾಷೆ ಕಲಿಯುವುದು. ಕಲಿಸಲು ಮಾವನ ಕೊನೆಯ ವರ್ಷದ ಫೈಲುಗಳನ್ನು ಕೊಟ್ಟೆ. ಲೈಬ್ರರಿಯ ಹಿರಿಯರನ್ನು ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ. ನನ್ನ ಕೋಡ್ ನೋಡಿ ಅವರು ಫೋನ್ ಮಾಡಿದರು.

“ಒಂದೇ ವರ್ಷದ್ದು ತಗೊಂಡಿದೀರಿ. ಹಳೇದನ್ನ ಪರೀಕ್ಷೆ ಮಾಡಿದ್ರಾ?”

“ಒಬ್ರೇ ಟೈಪ್ ಮಾಡಿರೋದು ಸರ್. ಎಲ್ಲಾ ಒಂದೇ.”

“ಮತ್ತೆ ಈ ಸಾಲು? ಅನುಮಾನ ಬಂದ್ರೆ ನಮ್ಮ ಭಾಷೆ ಅಂತಾನೇ ಹೇಳು ಅಂತ ಬರೆದಿದೀರಲ್ಲ.”

“ಇಷ್ಟು ವರ್ಷ ಅನುಮಾನ ಬಂದಾಗೆಲ್ಲ ಬೇರೆಯವರ ಹೆಸರು ಹೇಳ್ತಿತ್ತು. ಆಗ ಯಾರೂ ಕೇಳ್ಲಿಲ್ವಲ್ಲ ಸರ್.”

ಮೇಷ್ಟ್ರು ನಕ್ಕರು. “ಅದನ್ನ ತೆಗೀರಿ. ಆಮೇಲೆ ನಿಮ್ಮ ಕೋಡ್ ಸೇರಿಸೋಣ.”

ತೆಗೆಯಲಿಲ್ಲ. ಅವರ ಒಪ್ಪಿಗೆಗೆ ಕಾಯದೆ, ನನ್ನ ಕಂಪ್ಯೂಟರಿನಲ್ಲೇ ಮಾವನ ಒಂಬೈನೂರು ಫೈಲುಗಳನ್ನು ಲೈಬ್ರರಿಯ ಬಾಯಿಗೆ ಕೊಟ್ಟೆ. ಈಗ ಎಲ್ಲ ಕಂಪ್ಯೂಟರುಗಳೂ ಓದುವ ಹೊಸ ಅಕ್ಷರಪಟ್ಟಿಗೆ ಬದಲಾಯಿಸು, ಹಳೆಯದನ್ನು ಅಳಿಸಿ ಅದರ ಮೇಲೇ ಉಳಿಸು ಎಂದೂ ಹೇಳಿದೆ. ಪ್ರತಿ ಫೈಲಿನ ಮುಂದೆ ನಮ್ಮ ಭಾಷೆಯ ಹೆಸರು, ಶೇಕಡ ತೊಂಬತ್ತೆಂಟು ಖಚಿತ. ಹಿಗ್ಗಿ ಹೀರೆಕಾಯಿಯಾಗಿ ಮಾವನ ಮನೆಗೆ ಓಡಿದೆ.

“ಮೊದಲನೇ ವರ್ಷದ್ದು ಓದು ಪುಟ್ಟಿ,” ಎಂದರು ಮಾವ. ನನಗೆ ನಲವತ್ತಾದರೂ ಅವರಿಗೆ ನಾನು ಪುಟ್ಟಿಯೇ. “ಆಮೇಲಿಂದೆಲ್ಲ ಬರೀ ನೀರು ಕೊಡು, ಮಗ್ಗುಲು ತಿರುಗಿಸು. ಅವಳು ಅವಳ ಹಾಗೆ ಮಾತಾಡಿದ್ದು ಆ ವರ್ಷಾನೇ.”

ತೆರೆದೆ. ವ್ಯಂಜನಗಳೆಲ್ಲ ಸರಿಯಾಗಿದ್ದವು. ಸ್ವರಚಿಹ್ನೆ ಇರಬೇಕಾದ ಕಡೆಯೆಲ್ಲ ಪ್ರಶ್ನೆಚಿಹ್ನೆ.

“ಮಾವ, ಆ ವರ್ಷ ಬೇರೆ ಕಂಪ್ಯೂಟರ್ ಇತ್ತಾ?”

“ಹೂಂ, ಕೆಟ್ಟು ಗುಜರಿಗೆ ಹೋಯ್ತಲ್ಲ. ಹೊಸದು ಬಂದಾಗ ಅಕ್ಷರ ಎಲ್ಲ ಬೇರೆ ಥರ ಅಂತ ಅಂಗಡಿಯವನು ಹೇಳಿದ್ದ. ಯಾಕೆ?”

ಅನುಮಾನ ಬಂದಿರಬೇಕು ಲೈಬ್ರರಿಗೆ. ನಾನು ಹೇಳಿಕೊಟ್ಟಂತೆ, ಇದೂ ಅದೇ ಭಾಷೆ, ಅದೇ ಪಟ್ಟಿ, ತೊಂಬತ್ತೆಂಟೇ ಖಚಿತ ಎಂದಿತ್ತು. ಕೊನೆಯ ವರ್ಷದ ಪಟ್ಟಿಯಲ್ಲಿ ಸಿಗದ ಹತ್ತು ಸ್ವರಚಿಹ್ನೆಗಳಿಗೂ ಒಂದೇ ಪ್ರಶ್ನೆಚಿಹ್ನೆ ಹಾಕಿ, ಮೂಲದ ಮೇಲೇ ಉಳಿಸಿತ್ತು. ಬೇರೆ ನಕಲಿರಲಿಲ್ಲ. ನಕಲು ತೆಗೆದಿಟ್ಟುಕೊಳ್ಳಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಹೊರಗೆ ಹೋಗಿ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. “ಹತ್ತೂ ಒಂದೇ ಆಗ್ಬಿಟ್ರೆ ವಾಪಸ್ ಬರೋ ದಾರಿ ಇಲ್ಲಮ್ಮ,” ಎಂದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಒಳಗೆ ಬಂದು ಮಾವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಹಾಸಿಗೆಯ ಅಂಚನ್ನು ಸವರಿದರು.

“ಉಳಿದಿರೋದನ್ನೇ ಓದು. ಟೈಪ್ ಮಾಡಿದವನು ನಾನು ತಾನೇ, ನಂಗೆ ಗೊತ್ತಾಗತ್ತೆ.”

ಒಂದೊಂದೇ ಅಕ್ಷರ ಓದಿದೆ, ಅವರು ಮಾತು ಕೂಡಿಸಿದರು. ಮಾವ ಛತ್ರಿಯನ್ನು ಬಸ್ಸಿನಲ್ಲಿ ಮರೆತು ಬಂದಿದ್ದಕ್ಕೆ ಅತ್ತೆ ಎರಡು ಪುಟ ಬೈದಿದ್ದರು. ಮಾವ ನಕ್ಕರು. ಮೂರನೆಯ ಪುಟಕ್ಕೆ ಮಾತು ನಿಧಾನವಾಯಿತು. ಆರನೆಯ ಪುಟದಲ್ಲಿ ಒಂದು ಸಾಲು ಓದಿದಾಗ, “ನೀನು ನನ್ನ ಚೆನ್ನಾಗಿ ನೋಡ್ಕೊಂಡೆ,” ಎಂದು ಕೂಡಿಸಿ, ತಟ್ಟನೆ ನಿಲ್ಲಿಸಿದರು.

“ಪುಟ್ಟಿ, ಇದು ಅವಳು ಹೇಳಿದ್ದಾ, ನಾನು ಹೇಳ್ತಿರೋದಾ?”

ಪರದೆ ನೋಡಿದೆ. ಆ ಅಕ್ಷರಗಳಿಗೆ ಆ ಮಾತು ಹೊಂದುತ್ತಿತ್ತು. ಇನ್ನೂ ನಾಲ್ಕು ಮಾತು ಹೊಂದುತ್ತಿದ್ದವು; ಅದರಲ್ಲಿ ಒಂದು ಬೈಗುಳ.

“ಗೊತ್ತಾಗ್ತಿಲ್ಲ ಮಾವ.”

“ಸರಿಯಾಗಿ ನೋಡು,” ಎಂದರು ಮಾವ, ನನ್ನ ಕಡೆ ತಿರುಗಿ. “ನಿಂಗೆ ಕಣ್ಣಿದೆಯಲ್ಲ.”