ನೆತ್ತಿಯ ಸುಳಿ

ಅಮ್ಮಿನಬಾವಿಯ ಗುರುಶಿದ್ದಪ್ಪನಿಗೆ ಎತ್ತಿನ ಸುಳಿ ನೋಡುವ ವಿದ್ಯೆ ಒಲಿದಿತ್ತು. ಹಣೆ, ಹೆಗಲು, ಬೆನ್ನು, ಬಾಲದ ಬುಡ, ಎಲ್ಲೆಲ್ಲಿ ಕೂದಲು ಸುತ್ತಿ ಸುರುಳಿಯಾಗಿದೆಯೋ ಅಲ್ಲೆಲ್ಲ ಬೆರಳಿಟ್ಟು, ಈ ಎತ್ತು ಮನೆಗೆ ಆಗಿಬರುತ್ತದೆ, ಇದು ಬರುವುದಿಲ್ಲ ಎಂದು ಹೇಳುತ್ತಿದ್ದ. ಹುಬ್ಬಳ್ಳಿಯ ದನದ ಸಂತೆಗೆ ಹೊರಟವರು ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಮೂರು ವರ್ಷದ ಹಿಂದೆ ಕಣ್ಣಿನ ನರ ಒಣಗಿತು. ಇನ್ನು ಬೆಳಕು ಬರುವುದಿಲ್ಲ ಎಂದು ವಿದ್ಯಾನಗರದ ಡಾಕ್ಟರು ಹೇಳಿದ ದಿನವೂ ಅವನು ಗಾಬರಿಯಾಗಲಿಲ್ಲ.

‘ನಾ ಯಾವಾಗ ಕಣ್ಣೀಲೆ ನೋಡಿದ್ನಿರೀ ಡಾಕ್ಟರ? ನಾ ಬೆರಳೀಲೆ ನೋಡಾಂವ’ ಎಂದು ಎದ್ದು ಬಂದ.

ಮನುಷ್ಯರ ಸುಳಿಯ ಬಗ್ಗೆಯೂ ಅವನದೊಂದು ನಂಬಿಕೆಯಿತ್ತು. ಹುಡುಗರು ಬುಗುರಿ ತಿರುವಿ ನೆಲಕ್ಕೆ ಬಿಡುವ ಹಾಗೆ ಶಿವ ಜೀವವನ್ನು ತಿರುವಿ ಭೂಮಿಗೆ ಬಿಡುತ್ತಾನೆ. ಬಿಡುವಾಗ ಅವನ ಬೆರಳು ತಾಗಿದ ಜಾಗವೇ ನೆತ್ತಿಯ ಸುಳಿ. ಹಾಗಾಗಿ ದೀಪಾವಳಿಯ ಬೆಳಗ್ಗೆ ಮನೆಮಂದಿಗೆಲ್ಲ ಅವನೇ ನೆತ್ತಿಗೆ ಎಣ್ಣೆ ಹಚ್ಚಬೇಕು. ಹೆಬ್ಬೆರಳಿನಿಂದ ಸುಳಿ ಹುಡುಕಿ, ಅದು ತಿರುಗಿದ ಕಡೆಗೇ ಬೆರಳು ತಿರುಗಿಸಿ, ‘ಬಿಟ್ಟಾಂವನ ಕಾಯಲಿ’ ಎಂದು ಎಣ್ಣೆ ಇಳಿಸುತ್ತಿದ್ದ. ಮಗ ಮಾಲತೇಶನಿಗೆ ಮೂವತ್ತು ದಾಟುವಷ್ಟರಲ್ಲಿ ನೆತ್ತಿ ಬೋಳಾಯಿತು. ಆಗಲೂ ಅಪ್ಪನ ಹೆಬ್ಬೆರಳು ಉಳಿದ ನವಿರು ಕೂದಲಿನಲ್ಲೇ ಸುತ್ತಾಡಿ ಒಂದು ಕಡೆ ನಿಲ್ಲುತ್ತಿತ್ತು. ‘ಕೂದಲಾ ಹೋಗ್ಯಾವ, ಗುರುತ ಹೋಗಿಲ್ಲ. ಬಲಕ್ಕ ತಿರಗೇತಿ ನಿಂದು’ ಎನ್ನುತ್ತಿದ್ದ.

ಮಾಲತೇಶ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇಥ್ ವಿಭಾಗದ ಸೂಪರ್‌ವೈಸರ್. ಊರಿನಿಂದಲೇ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಬೋಳುತನದ ಬಗ್ಗೆ ಅವನಿಗೂ ಅಂಥ ಚಿಂತೆಯೇನೂ ಇರಲಿಲ್ಲ. ಒಂದು ದಿನ ಮಗಳ ಶಾಲೆಯ ಪಾಲಕರ ಸಭೆಗೆ ಹೋದಾಗ ಬಾಗಿಲಲ್ಲಿದ್ದ ಕಾವಲುಗಾರ, ‘ಅಜ್ಜಾರ, ಇವತ್ತ ಅಪ್ಪ ಅವ್ವ ಬರಬೇಕಂತ್ರಿ. ಮಗನ್ನ ಕಳಸ್ರಿ’ ಎಂದುಬಿಟ್ಟ. ಮಗಳು ಕಿಲಕಿಲ ನಕ್ಕಳು. ಮಾಲತೇಶನೂ ನಕ್ಕ. ಆದರೆ ಮನೆಗೆ ಬಂದು ಬಹಳ ಹೊತ್ತು ಕನ್ನಡಿಯ ಮುಂದೆ ನಿಂತ. ಅವನಿಗೆ ಆಗ ಮೂವತ್ತೆಂಟು.

ಆಮೇಲೆ ಫೋನಿನಲ್ಲಿ ಹುಡುಕಾಟ. ಟರ್ಕಿ ದೇಶದ ಇಸ್ತಾಂಬುಲ್‌ನಲ್ಲಿ ಹಿಂದಲೆಯ ಕೂದಲು ಕಿತ್ತು ಮುಂದಲೆಗೆ ನೆಡುತ್ತಾರೆ. ವಿಮಾನ ನಿಲ್ದಾಣದಿಂದ ಕರೆದೊಯ್ಯುವುದು, ಇಳಿಸುವುದು, ಉಣಿಸುವುದು ಎಲ್ಲ ಅವರದೇ. ಹೆಂಡತಿ ವಿದ್ಯಾ ಮೊದಲು ಬೇಡವೆಂದಳು. ಆಮೇಲೆ, ‘ನಿಮ್ಮ ತಲಿ, ನಿಮ್ಮ ಇಷ್ಟ’ ಎಂದು ಸುಮ್ಮನಾದಳು. ಅವ್ವ ಸಾವಕ್ಕನಿಗೆ ಹೇಳಿದ್ದೂ ಆಯಿತು. ಅಪ್ಪನಿಗೆ ಹೇಳುವುದು ಮಾತ್ರ ಆಗಲಿಲ್ಲ. ಎರಡೂ ಕಣ್ಣು ಕಳೆದುಕೊಂಡು ಕಟ್ಟೆಯ ಮೇಲೆ ಸಮಾಧಾನದಿಂದ ಕುಳಿತ ಮನುಷ್ಯನ ಮುಂದೆ, ಕೂದಲಿಗಾಗಿ ಕಡಲು ದಾಟುತ್ತೇನೆ ಎಂದು ಯಾವ ಬಾಯಿಂದ ಹೇಳುವುದು?

‘ಕಂಪನಿಯವ್ರು ಟರ್ಕಿಗೆ ಕಳಸಾಕತ್ತಾರ, ಯಪ್ಪಾ. ಹೊಸಾ ಮಷೀನ ಕಲಿಯಾಕ’ ಎಂದ.

ಗುರುಶಿದ್ದಪ್ಪನ ಮುಖ ಅರಳಿತು. ಸಂಜೆಯೊಳಗೆ ಆ ಸುದ್ದಿ ಹನುಮಪ್ಪನ ಚಹಾದ ಅಂಗಡಿ ಮುಟ್ಟಿ ಊರೆಲ್ಲ ಸುತ್ತಿತು. ಹೊರಡುವ ದಿನ ಅಪ್ಪನೇ ಮಗನ ಹಣೆಗೆ ವಿಭೂತಿ ಹಚ್ಚಿ, ನೆತ್ತಿಯ ಮೇಲೆ ಬೆರಳಿಟ್ಟು ಕಳಿಸಿದ. ಆ ಬೆರಳಿನ ಭಾರ ವಿಮಾನದಲ್ಲಿ ಕೂತಾಗಲೂ ತಲೆಯ ಮೇಲೆ ಇದ್ದ ಹಾಗಿತ್ತು.

ಇಸ್ತಾಂಬುಲ್‌ನ ಆ ಹೋಟೆಲಿನ ಹಜಾರದಲ್ಲಿ ದೇಶದೇಶದ ಗಂಡಸರು ತಲೆಗೆ ಪಟ್ಟಿ ಕಟ್ಟಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಚಹಾ ಕುಡಿಯುತ್ತಿದ್ದರು. ಜಾಹೀರಾತಿನ ಫೋಟೋದಲ್ಲಿ ನಗುತ್ತಿದ್ದ ಡಾಕ್ಟರು ಐದು ನಿಮಿಷ ಬಂದು, ಹಣೆಯ ಮೇಲೆ ಪೆನ್ನಿನಿಂದ ಗೆರೆ ಎಳೆದು ಹೋದವರು ಮತ್ತೆ ಕಾಣಲಿಲ್ಲ. ಕೆಲಸ ಮಾಡಿದವರು ಮೂವರು ಸಹಾಯಕಿಯರು. ತಮ್ಮ ಭಾಷೆಯಲ್ಲಿ ಹರಟುತ್ತ, ನಡುನಡುವೆ ಗಡಿಯಾರ ನೋಡುತ್ತ ಇಡೀ ದಿನ ಕಿತ್ತರು, ನೆಟ್ಟರು. ನೆತ್ತಿಯ ಸರದಿ ಬಂದಾಗ ಮಾಲತೇಶನಿಗೆ ಅಪ್ಪನ ನೆನಪಾಯಿತು. ಅಲ್ಲೊಂದು ಸುಳಿಯಿದೆ, ಅದು ತಿರುಗಿದ ಹಾಗೆ ನೆಡಿ ಎಂದು ಹೇಳಬೇಕು. ಸುಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಕೈಯೆತ್ತಿ, ತಲೆಯ ಮೇಲೆ ಬೆರಳನ್ನು ಗುಂಡಗೆ ತಿರುಗಿಸಿ ತೋರಿಸಿದ. ಅವರು ಗಾಬರಿಯಾದರು. ಇವನಿಗೆ ತಲೆ ತಿರುಗುತ್ತಿದೆ ಎಂದು ತಿಳಿದು ಬಾಯಿಗೆ ಕಿತ್ತಳೆ ರಸದ ನಳಿಕೆ ಇಟ್ಟರು. ಅವನು ಮತ್ತೊಮ್ಮೆ ಬೆರಳು ತಿರುಗಿಸಿದ. ಅವರು ಮತ್ತೊಂದು ಲೋಟ ತಂದರು. ಮೂರನೆಯ ಸಲ ಅವನು ಕೈ ಎತ್ತಲಿಲ್ಲ.

ತಿರುಗಿ ಬಂದ ವಾರಕ್ಕೆ ದೀಪಾವಳಿ. ‘ಮಷೀನಿನ ಕಬ್ಬಿಣ ತಲಿಗೆ ಬಡದು ಹೊಲಿಗಿ ಹಾಕ್ಯಾರ, ಎಣ್ಣಿ ಹಚ್ಚಬಾರದಂತ’ ಎಂದು ಎರಡನೆಯ ಸುಳ್ಳು. ಗುರುಶಿದ್ದಪ್ಪ ಮರುಗಿ, ಎಣ್ಣೆಯನ್ನು ಮಗನ ಹೆಗಲಿಗೆ ಸವರಿ, ‘ಬರೂ ವರ್ಷ ನೆತ್ತಿಗೆ’ ಎಂದ.

ಆ ಬರುವ ವರ್ಷ ಬಂದೇಬಿಟ್ಟಿತು. ಕೂದಲು ಮಾತ್ರ ಹೇಳಿದಂತೆ ಬರಲಿಲ್ಲ. ಮುಂದಲೆಯಲ್ಲಿ ಅಲ್ಲೊಂದು ಇಲ್ಲೊಂದು. ನೆತ್ತಿಯ ಮೇಲೆ ಬಂದದ್ದೆಲ್ಲ ಬಾಗದೆ, ಬಳುಕದೆ, ಬ್ರಶ್ಶಿನ ಹಾಗೆ ಮುಂದಕ್ಕೇ ಮುಖ ಮಾಡಿ ನಿಂತಿತು. ಕಿತ್ತ ಹಿಂದಲೆಯಲ್ಲಿ ಬಿಳಿ ಚುಕ್ಕೆಗಳು ಎದ್ದು, ಹುಳ ತಿಂದ ಕಂಬಳಿಯಂತೆ ಕಾಣುತ್ತಿತ್ತು. ಫೋಟೋ ತೆಗೆದು ಕಳಿಸಿದಾಗಲೆಲ್ಲ ಇಸ್ತಾಂಬುಲ್‌ನವರಿಂದ ‘ತಾಳಿರಿ’ ಎಂದು ಉತ್ತರ. ಕೊನೆಗೊಮ್ಮೆ ಕೈಮುಗಿದ ಚಿತ್ರವೊಂದು ಬಂತು. ಆಮೇಲೆ ಏನೂ ಬರಲಿಲ್ಲ.

ಊರವರಿಗೆ ಕಣ್ಣಿತ್ತು. ಅವರು ಏನೂ ಕೇಳಲಿಲ್ಲ, ಹೆಸರಿಟ್ಟರು. ‘ಏ ಟರ್ಕಿ, ಬಾ ಚಹಾ ಕುಡಿ’ ಎಂದು ಹನುಮಪ್ಪ ಕರೆದರೆ ಅಂಗಡಿಯ ತುಂಬ ನಗು. ಅಲ್ಲೇ ಕಟ್ಟೆಯ ಮೇಲಿದ್ದ ಗುರುಶಿದ್ದಪ್ಪನೂ ನಗುತ್ತಿದ್ದ. ‘ನೋಡ್ರೋ, ನನ್ನ ಮಗನ್ನ ದೇಶದ ಹೆಸರೀಲೆ ಕರೀತಾರ’ ಎಂದು ಹೆಮ್ಮೆಪಡುತ್ತಿದ್ದ. ಮಾಲತೇಶ ಬೈಕಿನಿಂದ ಇಳಿದ ಮೇಲೂ ಹೆಲ್ಮೆಟ್ ತೆಗೆಯದೆ ಮನೆಯೊಳಕ್ಕೆ ಬರುವುದನ್ನು ಕಲಿತ.

ದೀಪಾವಳಿಯ ಮುನ್ನಾದಿನ, ನೀರು ತುಂಬುವ ಹಬ್ಬದ ಸಂಜೆ ವಿದ್ಯಾ ಬಚ್ಚಲ ಹಂಡೆಗೆ ಹಿಂಡಲಕಾಯಿಯ ಬಳ್ಳಿ ಸುತ್ತುತ್ತಿದ್ದಳು.

‘ರೀ, ನಾಳೆ ಏನ ಮಾಡ್ತೀರಿ?’

‘ಅಪ್ಪ ಏಳೂದ್ರಾಗ ಜಳಕಾ ಮುಗಿಸಿಬಿಡ್ತೇನಿ.’

‘ಮಾವಾರು ಮಲಗಿದ್ರ ತಾನ? ಹ್ವಾದ ವರ್ಷ ಹೆಗಲಿಗೆ ಹಚ್ಚಿದಾಗಿಂದ ಈ ಹಬ್ಬದ ಹಾದಿ ಕಾಯಾಕತ್ತಾರ. ಒಂದ ಕೆಲಸಾ ಮಾಡ್ರಿ, ಹೆಲ್ಮೆಟ್ ಹಾಕ್ಕೊಂಡ ಕುಂದರ್ರಿ. ಅದರ ಸುಳಿ ಹುಡಕಲಿ.’

‘ನಿನಗ ಚ್ಯಾಷ್ಟಿ ಅನಸತೈತಿ.’

ಅಕ್ಕಿ ಆರಿಸುತ್ತಿದ್ದ ಸಾವಕ್ಕ ತಲೆ ಎತ್ತಲಿಲ್ಲ. ‘ಮತ್ತೊಂದ ಸುಳ್ಳಿಗೆ ನನ್ನ ಕರೀಬ್ಯಾಡಪಾ, ಮಾಲತೇಶಾ. ಆ ಮನಿಶ್ಯಾಗ ಸುಳ್ಳ ಹೇಳಿ ಬಂದು ದೇವರ ಮುಂದ ದೀಪಾ ಹಚ್ಚಾಕ ಹ್ವಾದ್ರ ಕೈ ನಡಗತಾವ.’

ನಾಳೆ ಆ ಹೆಬ್ಬೆರಳು ಬಂದು ತನ್ನ ನೆತ್ತಿಯ ಮೇಲೆ ನಿಂತರೆ ಏನಾಗುತ್ತದೆ ಎಂಬುದೊಂದೇ ಮಾಲತೇಶನ ಚಿಂತೆ. ಅಪ್ಪ ಬೈದರೆ ತಡೆದುಕೊಳ್ಳಬಹುದು. ಆದರೆ ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದ ಆ ಮುಖ ಸಣ್ಣದಾಗುವುದನ್ನು ಹೇಗೆ ನೋಡುವುದು?

ಬೆಳಗಿನ ಜಾವ ಎದ್ದು ಬಂದಾಗ ಗುರುಶಿದ್ದಪ್ಪ ಆಗಲೇ ಪಡಸಾಲೆಯಲ್ಲಿ ಕೂತಿದ್ದ. ಎದುರಿಗೆ ಮಣೆ, ಪಕ್ಕದಲ್ಲಿ ಬೆಚ್ಚಗಿನ ಎಣ್ಣೆಯ ಬಟ್ಟಲು. ಹೆಜ್ಜೆಯ ಸಪ್ಪಳದಿಂದಲೇ ಗುರುತು ಹಿಡಿದ.

‘ಬಾರೋ. ಹೊಲಿಗಿ ಮಾಯ್ದಾವಿಲ್ಲೋ? ಕುಂದರ.’

ಮಾಲತೇಶ ಕುಳಿತ. ಸಾವಕ್ಕ ಒಳಬಾಗಿಲಲ್ಲಿ, ವಿದ್ಯಾ ಆರತಿಯ ತಾಟು ಹಿಡಿದು ಅವಳ ಹಿಂದೆ. ಮುದುಕನ ಹೆಬ್ಬೆರಳು ಎಣ್ಣೆಯಲ್ಲಿ ಅದ್ದಿ ಎದ್ದು ನೆತ್ತಿಗೆ ಬಂತು. ಕೂದಲು ತಾಗಿತು. ‘ಆಽ, ಕೂದಲಾ ಬಂದಾವಲ್ಲೋ!’ ಎಂದು ನಕ್ಕ. ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಹಿಂದಕ್ಕೆ ಸರಿಯಿತು. ನಗು ನಿಂತಿತು. ಮತ್ತೆ ಮೊದಲಿನಿಂದ ಹುಡುಕಿದ. ಉಳಿದ ನಾಲ್ಕು ಬೆರಳೂ ಇಳಿದು ಹಿಂದಲೆಯ ಚುಕ್ಕೆಗಳ ಮೇಲೆ ಒಂದೊಂದಾಗಿ ನಡೆದವು. ಸಂತೆಯಲ್ಲಿ ಎತ್ತಿನ ಮೈಮೇಲೆ ನಡೆಯುತ್ತಿದ್ದ ಹಾಗೆಯೇ.

‘ಸುಳಿ ಎಲ್ಲೋ?’

ಬೆರಳು ಹಿಂದಲೆಯಿಂದ ಮತ್ತೆ ನೆತ್ತಿಗೆ ಏರಿತು.

‘ಯಾರ ಸುಟ್ಟಾರೋ ನಿನ್ನ ಸುಳಿ?’

ಆಗ ಮಾಲತೇಶ ಹೇಳಿದ. ಶಾಲೆಯ ಬಾಗಿಲಿನಿಂದ ಹಿಡಿದು ಕಿತ್ತಳೆ ರಸದವರೆಗೆ, ಒಂದನ್ನೂ ಬಿಡದೆ ಹೇಳಿದ. ಹೇಳುವಾಗ ತಲೆಯ ಮೇಲಿನ ಬೆರಳು ಅಲುಗಲಿಲ್ಲ. ಮಾತು ಮುಗಿದ ಮೇಲೂ ಅಲುಗಲಿಲ್ಲ.

‘ಹಂಗಾರ ಟರ್ಕಿ ಅಂದು ಮಂದಿ ನಗತಿದ್ದದ್ದು ಇದಕ್ಕ’ ಎಂದ ಗುರುಶಿದ್ದಪ್ಪ ಮೆಲ್ಲಗೆ. ‘ನಾನೂ ಅವ್ರ ಕೂಡ ನಗತಿದ್ನಿ.’

ಮಾಲತೇಶನಿಗೆ ತಾನು ಹೆದರಿದ್ದ ಮುಖವನ್ನು ತಿರುಗಿ ನೋಡುವ ಧೈರ್ಯವಾಗಲಿಲ್ಲ. ‘ತಪ್ಪಾತು, ಯಪ್ಪಾ’ ಎಂದ.

ಹಿಂದಲೆಯ ಚುಕ್ಕೆಗಳನ್ನು ಮತ್ತೊಮ್ಮೆ ಸವರಿ ಮುದುಕ ಕೇಳಿದ: ‘ನಮ್ಮ ಕೆಂದ್ಯಾನ ನೆಪ್ಪೈತೇನು?’

ಕೆಂದ್ಯಾ ಎಂದರೆ ಮಾಲತೇಶ ಸಣ್ಣವನಿದ್ದಾಗ ಮನೆಯಲ್ಲಿದ್ದ ಕೆಂಪು ಎತ್ತು. ಬೆನ್ನ ಮೇಲೆ ಅಂಗೈಯಷ್ಟಗಲ ಸುಟ್ಟ ಕಲೆ ಇತ್ತು.

‘ಐತಿ.’

‘ಅದನ್ನ ಹುಬ್ಬಳ್ಳಿ ಸಂತ್ಯಾಗ ಹಿಡದಾಗ ಮಕಬೂಲಸಾಬ ನನ್ನ ಕೂಡ ಇದ್ದ. ಅಂವಾ ದಲಾಲಿ ಮಾಡಾಂವ, ಖರೇ ಮನಿಶ್ಯಾ. ಬೆನ್ನಮ್ಯಾಲೆ ಕೈ ಇಟ್ಟ ಕೂಡ್ಲೆ ಗೊತ್ತಾತು ನನಗ, ಕೆಟ್ಟ ಸುಳಿ ಮುಚ್ಚಾಕ ಯಾರೋ ಕಬ್ಬಿಣ ಕಾಸಿ ಇಟ್ಟಾರಂತ. ಮಕಬೂಲಸಾಬ ಕೈ ಹಿಡದ ಜಗ್ಗಿದ. ಬ್ಯಾಡೋ ಗುರಶಿದ್ದಾ, ಮೋಸದ ಎತ್ತ ಅಂದ. ನಾ ಅಂದ್ನಿ, ಮೋಸಾ ಎತ್ತ ಮಾಡೇತೇನು? ಕಬ್ಬಿಣ ಇಟ್ಟಾಗ ಒದರಿದ್ದು ಯಾರು? ಹೊಡಕೊಂಡ ಬಂದ್ನಿ. ಹದಿನಾಲ್ಕ ವರ್ಷ ದುಡೀತು.’

ಮತ್ತೆ ಅಂದ: ‘ಆದ್ರ ನೀ ಎತ್ತಲ್ಲೋ, ಮಗನ. ಕಬ್ಬಿಣ ಕಾಸಿದಾಂವನೂ ನೀನ, ಒದರಿದಾಂವನೂ ನೀನ.’

ಒಳಬಾಗಿಲಲ್ಲಿ ಸಾವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ನೀರ ಆರಾಕತ್ತಾವ’ ಎಂದಳು.

‘ಆರಲಿ ಬಿಡು’ ಎಂದು ಗುರುಶಿದ್ದಪ್ಪ ಬಟ್ಟಲಲ್ಲಿ ಹೆಬ್ಬೆರಳನ್ನು ಮತ್ತೆ ಅದ್ದಿದ. ಈ ಸಲ ಹುಡುಕಲಿಲ್ಲ. ಮೂವತ್ತೊಂಬತ್ತು ವರ್ಷ ತಿಳಿದಿದ್ದ ಜಾಗಕ್ಕೆ ನೇರವಾಗಿ ಇಟ್ಟ. ‘ಇಲ್ಲಿ ಇತ್ತು. ಬಲಕ್ಕ ತಿರಗಿತ್ತು’ ಎಂದು ಸಾವಕಾಶವಾಗಿ ಬಲಕ್ಕೆ ತಿರುಗಿಸಿದ. ಒಂದು ಸುತ್ತು, ಎರಡು ಸುತ್ತು, ಮತ್ತೊಂದು. ಮುಂದಕ್ಕೇ ನಿಲ್ಲುವ ಮೊಂಡು ಕೂದಲು ಎಣ್ಣೆಗೆ ಒದ್ದೆಯಾಗಿ ಬೆರಳು ಹೋದ ಕಡೆ ಮಲಗುವುದನ್ನು ವಿದ್ಯಾ ನೋಡಿದಳು.

‘ಬಿಟ್ಟಾಂವನ ಕಾಯಲಿ’ ಎಂದ ಮುದುಕ. ಎಣ್ಣೆ ಮಾಲತೇಶನ ಕಿವಿಯ ಹಿಂದಿನಿಂದ ಕೊರಳಿಗೆ ಇಳಿಯಿತು.

ಜಳಕ, ಆರತಿ ಮುಗಿಯುವಷ್ಟರಲ್ಲಿ ಬೆಳಕಾಗಿತ್ತು. ಹನುಮಪ್ಪ ಹಬ್ಬಕ್ಕೆ ಮಾತಾಡಿಸಲು ಬಾಗಿಲಿಗೆ ಬಂದ. ‘ಏನ ಟರ್ಕಿ, ಹಬ್ಬ ಜೋರೈತೇನು?’

‘ಹನುಮಾ, ಬಾ ಇಲ್ಲೆ’ ಎಂದು ಗುರುಶಿದ್ದಪ್ಪ ಕರೆದ. ‘ಇಂವಾ ಮಷೀನ ಕಲಿಯಾಕ ಹೋಗಿರಲಿಲ್ಲೋ. ಕೂದಲಾ ನೆಡಸ್ಕೊಂಡ ಬರಾಕ ಹೋಗಿದ್ದ. ಛಲೋ ಆಗಲಿಲ್ಲ. ನಾ ಊರ ತುಂಬ ತಪ್ಪ ಹೇಳಿದ್ನಿ. ನಿನ್ನ ಅಂಗಡಿಗೆ ಬಂದವ್ರಿಗೆಲ್ಲಾ ಖರೇ ಹೇಳಿಬಿಡು, ನನಗ ಮನಿಮನಿಗೆ ಹೋಗಾಕ ಆಗೂದಿಲ್ಲ.’

ಹನುಮಪ್ಪ ಹೊಸ್ತಿಲಲ್ಲೇ ಚಡಪಡಿಸಿದ. ‘ಕಾಕಾ... ನಮಗ ಗೊತ್ತಿತ್ರಿ.’

‘ಗೊತ್ತಿತ್ತಿಲ್ಲ? ಈಗ ನನಗೂ ಗೊತ್ತಾತು. ಇನ್ನ ನಗಾಕ ಏನ ಉಳೀತು? ಕುಂದರ, ಶಂಕರಪಾಳಿ ತಿನ್ನ. ವಿದ್ಯಾ, ಹನುಮಪ್ಪಗ ಹಾಕಿ ಕೊಡವಾ.’

ಹನುಮಪ್ಪ ತಿಂದ. ಹೋಗುವಾಗ ‘ಬರ್ತೇನಿ, ಮಾಲತೇಶ’ ಎಂದ.

ಆಮೇಲೆ ಅಪ್ಪ ಮಗ ಗುಡಿಗೆ ಹೊರಟರು. ಹೆಲ್ಮೆಟ್ ಗೂಟದಲ್ಲೇ ಇತ್ತು. ದಿನದಂತೆ ಮುದುಕನ ಕೈ ಮಗನ ಹೆಗಲ ಮೇಲಿತ್ತು. ಓಣಿಯ ತಿರುವಿನಲ್ಲಿ ಆ ಕೈ ಮೇಲಕ್ಕೆ ಸರಿದು ಹಿಂದಲೆಯ ಚುಕ್ಕೆಗಳ ಮೇಲೆ ನಿಂತಿತು.

‘ಇಲ್ಲಿಂದ ಕಿತ್ತಾರೇನು?’

‘ಹೂಂ.’

‘ಬ್ಯಾನಿ ಆತೇನೋ?’

ಒಂದು ವರ್ಷದಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ. ಮಾಲತೇಶನ ನಡಿಗೆ ಒಂದು ಕ್ಷಣ ತಡೆಯಿತು.

‘ಆತು, ಯಪ್ಪಾ.’

ಮುದುಕ ಗುಡಿ ಬರುವವರೆಗೂ ಕೈಯನ್ನು ಅಲ್ಲಿಯೇ ಇಟ್ಟುಕೊಂಡು ನಡೆದ.