ನಾವು ಕೈಕುಲುಕುವುದಿಲ್ಲ

ಮೊದಲ ದಿನವೇ ನಾನು ಕೈ ಚಾಚಿದೆ, ಫಿಲಿಪ್ಪಾ ಹಾರ್ಕೋರ್ಟ್ ನಕ್ಕಳು.

"ನಾವು ಕೈಕುಲುಕಲ್ಲ ಕಣೇ," ಅಂದಳು. "ಬಾರಿಸ್ಟರುಗಳು ತಮ್ಮತಮ್ಮಲ್ಲಿ ಕೈಕುಲುಕೋ ಪದ್ಧತಿ ಇಲ್ಲ. ಅದೇನಿದ್ರೂ ಹೊರಗಿನೋರಿಗೆ."

ಅವಳ ಅಪ್ಪ ಜಡ್ಜು, ತಾತನೂ ಜಡ್ಜು. ಇಂಥದ್ದನ್ನೆಲ್ಲ ಅವಳು ಹಾಲಿನ ಜೊತೆಗೇ ಕುಡಿದಿದ್ದಳು. ನಮ್ಮಪ್ಪನದು ಕೀಥ್ಲಿಯಲ್ಲಿ ಮಾಂಸದಂಗಡಿ. ಅಲ್ಲಿ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮುಂದೆ ಚಾಚದವನು ಮನುಷ್ಯನೇ ಅಲ್ಲ. ಚಾಚಿದ ಕೈಯನ್ನು ಎಲ್ಲಿಡುವುದೆಂದು ತೋಚದೆ ನಾನು ಕೂದಲು ಸರಿಮಾಡಿಕೊಂಡೆ. ಹೊಟ್ಟೆಕಿಚ್ಚು ಹೊತ್ತಿಕೊಂಡದ್ದು ಅವತ್ತೇ.

ಲೀಡ್ಸ್‌ನ ನಮ್ಮ ಚೇಂಬರ್ಸ್‌ಗೆ, ಅಂದರೆ ಬಾರಿಸ್ಟರುಗಳು ಕೂಡಿ ನಡೆಸುವ ಕಚೇರಿಗೆ, ಬರುವುದೆಲ್ಲ ಸಂಸಾರದ ವ್ಯಾಜ್ಯಗಳೇ. ಆ ವರ್ಷ ಕಲಿಯಲು ಸೇರಿದವರು ನಾವಿಬ್ಬರು, ಕೊನೆಗೆ ಉಳಿಸಿಕೊಳ್ಳುವುದು ಒಬ್ಬರನ್ನು. ಜುಲೈ ತಿಂಗಳ ಒಂದು ಗುರುವಾರ ಹಿರಿಯರೆಲ್ಲ ಕೂತು ಓಟು ಹಾಕುತ್ತಾರೆ. ಆ ಜಾಗ ನನಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ಅವಳಿಗೆ ಸಿಗಬಾರದಾಗಿತ್ತು. ಸುಳ್ಳು ಯಾಕೆ ಹೇಳಲಿ?

ಅವಳು ಕೆಟ್ಟವಳಾಗಿದ್ದರೆ ಬದುಕು ಸುಲಭವಿತ್ತು. ಕ್ರಿಸ್‌ಮಸ್‌ಗೆ ನಾನು ಅಪ್ಪನ ಅಂಗಡಿಯ ಹಂದಿಮಾಂಸದ ಪೈ ತಂದೆ. ಎಲ್ಲರೂ ತುದಿಬೆರಳಲ್ಲಿ ಮುರಿದು ತಿಂದರೆ ಇವಳು ಎರಡು ಪೂರ್ತಿ ತಿಂದು, ಅಪ್ಪನಿಗೆ ಫೋನ್ ಮಾಡಿ ಇನ್ನೊಂದು ಡಜನ್ ತರಿಸಿಕೊಂಡಳು. ಅಂದಿನಿಂದ ಅಪ್ಪ ಫೋನ್ ಎತ್ತಿದ ಕೂಡಲೇ, "ಫಿಲಿಪ್ಪಾ ಹೆಂಗವಳೆ?" ಹೆತ್ತ ಮಗಳು ಹೇಗಿದ್ದಾಳೆಂಬ ಪ್ರಶ್ನೆ ಆಮೇಲೆ ಬರುತ್ತಿತ್ತು. ತಾತ ಕೋರ್ಟಿನಲ್ಲಿ ತೊಡುತ್ತಿದ್ದ ವಿಗ್ ಅವಳಿಗೆ ತಗಡಿನ ಡಬ್ಬಿಯ ಸಮೇತ ಬಂದಿತ್ತು. ಕುಟುಂಬ ನ್ಯಾಯಾಲಯದಲ್ಲಿ ಯಾರೂ ವಿಗ್ ತೊಡುವುದಿಲ್ಲ. ತಲೆ ಮೇಲೆ ಇಡದ ವಿಗ್ಗಿಗೂ ಉರಿದುಕೊಂಡವಳು ನಾನೊಬ್ಬಳೇ ಇರಬೇಕು.

ಓಟಿಗೆ ಮೂರು ದಿನ ಬಾಕಿಯಿದ್ದಾಗ, ಕೇಸು ಹಂಚುವ ಹಿರಿಯ ಕ್ಲರ್ಕ್ ನಾರ್ಮನ್ ನನ್ನ ಮೇಜಿನ ಮೇಲೆ ಒಂದು ಕಟ್ಟು ಇಟ್ಟ.

"ಮಿಸ್ ಸಗ್ಡೆನ್, ನಾಳೆ ನೀವು ತಾಯಿ ಪರ. ತಂದೆ ಪರ ನಮ್ಮ ಮಿಸ್ ಹಾರ್ಕೋರ್ಟ್. ಒಂದೇ ಮನೆಯೋರು ಎದುರುಬದುರು ನಿಂತ್ಕೋತಿದೀರ, ಪಾತ್ರೆಪಗಡ ಒಡೀಬೇಡಿ."

ಅವನು ನಗುತ್ತ ಹೋದ. ನನಗೆ ರಾತ್ರಿಯಿಡೀ ನಿದ್ದೆಯಿಲ್ಲ.

ನನ್ನ ಕಕ್ಷಿದಾರಳು ಶೆರಿಲ್, ಶಾಲೆಯಲ್ಲಿ ಅಡುಗೆ ಮಾಡುವವಳು. ಗಂಡ ವೇಯ್ನ್ ಬಿಟ್ಟುಹೋಗಿ ವರ್ಷವಾಗಿತ್ತು. ಮಗಳು ಎಲ್ಸಿಗೆ ಆರು. ಅವಳನ್ನು ವಾರಾಂತ್ಯಕ್ಕೆ ರಾತ್ರಿಯೂ ತನ್ನ ಬಳಿ ಇಟ್ಟುಕೊಳ್ಳಬೇಕೆಂದು ವೇಯ್ನ್ ಕೇಳಿದ್ದ, ಶೆರಿಲ್ ಒಪ್ಪಿರಲಿಲ್ಲ. ಅವನು ಮೂರು ಭಾನುವಾರ ಬರುತ್ತೇನೆಂದು ಹೇಳಿ ಬಂದಿರಲಿಲ್ಲ, ಮಗು ಕೋಟು ತೊಟ್ಟು ಬಾಗಿಲಲ್ಲೇ ಕೂತಿತ್ತು. ಕೇಸು ನನ್ನ ಕಡೆಗೇ ವಾಲಿತ್ತು.

ಕೋರ್ಟಿನ ಮೊಗಸಾಲೆಯಲ್ಲಿ ಫಿಲಿಪ್ಪಾ ನನ್ನನ್ನು ಪಕ್ಕಕ್ಕೆ ಕರೆದಳು. ಒಳಗೆ ಹೋಗುವ ಮೊದಲು ಎರಡೂ ಕಡೆಯವರು ಹೀಗೆ ಮಾತಾಡುವುದು ನಮ್ಮ ಕಸುಬಿನ ಅರ್ಧ ಕೆಲಸ.

"ಹೆದರ್, ನಮ್ಮೋನು ರಾತ್ರಿ ಇಟ್ಕೊಳ್ಳೋ ಮಾತು ಬಿಟ್ಟ. ಬರೀ ಭಾನುವಾರ, ಹತ್ತರಿಂದ ಐದು. ತಡ ಮಾಡಿದ್ರೆ ಆ ವಾರ ಇಲ್ಲ. ನಿಮ್ಮೋಳನ್ನ ಕೇಳ್ಕೊಂಡು ಬಾರೇ."

ಒಳ್ಳೆಯ ಮಾತು. ಎಷ್ಟು ಒಳ್ಳೆಯದೆಂದರೆ, ಇಲ್ಲಿಗೆ ಮುಗಿದುಹೋದರೆ ಗುರುವಾರ ಎಲ್ಲರೂ ಫಿಲಿಪ್ಪಾ ಎಷ್ಟು ಚೆನ್ನಾಗಿ ಬಗೆಹರಿಸಿದಳು ಅನ್ನುತ್ತಾರೆ. ಒಳಗೆ ಹೋಗಿ ಗೆದ್ದರೆ ನನ್ನ ಹೆಸರು.

ಎದುರಿನವರು ಹೇಳಿದ ಮಾತನ್ನು ಕಕ್ಷಿದಾರರಿಗೆ ಮುಟ್ಟಿಸಲೇಬೇಕು. ನಮಗೆ ಕಲಿಸುವ ಮೊದಲ ಪಾಠವೇ ಅದು. ನಾನು ಶೆರಿಲ್ ಇದ್ದ ಪುಟ್ಟ ಕೋಣೆಗೆ ಹೋದೆ, ಬಾಗಿಲು ಹಾಕಿಕೊಂಡೆ, ಹತ್ತು ನಿಮಿಷ ಅವಳ ಜೊತೆ ದಿನಾಂಕಗಳನ್ನು ತಾಳೆ ನೋಡಿದೆ.

"ಏನಂದ್ರು?" ಅಂತ ಅವಳೇ ಕೇಳಿದಳು.

"ಹೊಸದೇನಿಲ್ಲ," ಅಂದೆ.

ಹೊರಬಂದು ಫಿಲಿಪ್ಪಾಗೆ, "ಆಗಲ್ವಂತೆ," ಅಂದೆ. ಅವಳು ಗಡಿಯಾರ ನೋಡಿ ತನ್ನ ನೀಲಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೆದ್ದೆ. ತಪ್ಪಿದ ಮೂರು ಭಾನುವಾರಗಳನ್ನು ಒಂದೊಂದಾಗಿ ಹೇಳಿದೆ. ಬಾಗಿಲಲ್ಲಿ ಕೂತ ಮಗುವಿನ ಕೋಟಿನ ಬಣ್ಣವನ್ನೂ ಹೇಳಿದೆ. ಜಡ್ಜ್ ಮೇಡಂ ಮುಖ ಗಂಟಿಕ್ಕಿದರು. ವೇಯ್ನ್ ಮಗಳನ್ನು ನೋಡುವುದು ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ, ಭೇಟಿ ಕೇಂದ್ರದಲ್ಲಿ, ಬೇರೆಯವರ ಕಣ್ಗಾವಲಿನಲ್ಲಿ. ನಾವಿಬ್ಬರೂ ಕೂತು ಆದೇಶ ಬರೆದುಕೊಡುವುದಿತ್ತು. ಮೊಗಸಾಲೆಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅಲ್ಲಿ ವೇಯ್ನ್ ಗೋಡೆಗೊರಗಿ ಅಳುತ್ತಿದ್ದ. ಶೆರಿಲ್‌ಳನ್ನು ಕಂಡು, "ರಾತ್ರಿ ಬೇಡ ಅಂತ ನಾನೇ ಹೇಳಿ ಕಳಿಸಿದ್ನಲ್ಲೇ!" ಅಂದ. "ಬರೀ ಭಾನುವಾರ ಸಾಕು ಅಂದೆ. ಅದೂ ಬೇಡ ಅಂದ್ಬಿಟ್ಯಾ?"

"ಯಾವಾಗ ಹೇಳ್ದೆ?" ಶೆರಿಲ್ ನಿಂತಳು. "ಭಾನುವಾರವಾ? ನಾನು ಈಗ ಭಾನುವಾರ ಆಸ್ಪತ್ರೆ ಅಡುಗೆಮನೇಲಿ ಕೆಲಸ ಹಿಡಿದಿದೀನಿ, ಮಗೂನ ಪಕ್ಕದ ಮನೇಲಿ ಬಿಟ್ಟು ಹೋಗ್ತೀನಿ. ಹೂಂ ಅಂತಿದ್ನಲ್ಲೋ!"

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಗಂಡ ಹೆಂಡಿರ ಜಗಳ ಮುಗಿದೇಹೋಗಿತ್ತು. ಕೂಸನ್ನು ಬಡವು ಮಾಡಿದ್ದು ನಾನು.

ಫಿಲಿಪ್ಪಾಳ ಕೈಯಲ್ಲಿ ನೀಲಿ ಪುಸ್ತಕವಿತ್ತು, ಅದರಲ್ಲಿ ಹೊತ್ತು ಸಮೇತ ಎಲ್ಲ ಇತ್ತು. ಅವಳು ಅದನ್ನು ತೆರೆಯಲಿಲ್ಲ.

"ಜಡ್ಜ್ ಇನ್ನೂ ಎದ್ದಿಲ್ಲ," ಅಂದಳು ಮೆಲ್ಲಗೆ. "ಆದೇಶಕ್ಕೆ ಮುದ್ರೆ ಬಿದ್ದಿಲ್ಲ. ಒಳಗೆ ಹೋಗೋಣ. ಯಾಕೆ ಬಂದ್ವಿ ಅಂತ ಕೇಳ್ತಾರೆ. ಅದನ್ನ ನೀನೇ ಹೇಳ್ಬೇಕು ಕಣೇ, ನಾನು ಹೇಳಲ್ಲ."

ಮಾತಿನಲ್ಲಿ ಏನೋ ಗೊಂದಲವಾಯಿತು ಅಂದುಬಿಡಬಹುದಿತ್ತು. ಅವಳು ಬಾಯಿ ಬಿಡುತ್ತಿರಲಿಲ್ಲವೇನೋ. ಆ ಗಳಿಗೆಯಲ್ಲೂ ನನಗೆ ಬಂದದ್ದು ನಾಚಿಕೆಯಲ್ಲ, ಹೊಟ್ಟೆಕಿಚ್ಚೇ. ನೆಟ್ಟಗಿರುವುದಕ್ಕೆ ಇವಳು ಒಂದಿಷ್ಟೂ ಕಷ್ಟಪಡಬೇಕಾಗಿಲ್ಲವಲ್ಲ ಎಂದು.

"ಶೆರಿಲ್, ಅವರು ಹೇಳಿದ್ರು," ಅಂದೆ. "ನಾನು ನಿಮಗೆ ಮುಟ್ಟಿಸಲಿಲ್ಲ. ಗೆಲ್ಲಬೇಕು ಅಂತ."

ಅವಳು ಬಯ್ಯಲಿಲ್ಲ. "ನೀವು ಗೆಲ್ಲೋದಕ್ಕಾ?" ಅಂತಷ್ಟೇ ಕೇಳಿದಳು.

ಒಳಗೆ ಎದ್ದುನಿಂತು ಅದನ್ನೇ ಜಡ್ಜ್ ಮುಂದೆಯೂ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ಆದೇಶವನ್ನು ಹೊಸದಾಗಿ ಬರೆಸಿದರು. ಎಲ್ಸಿಗೆ ಭಾನುವಾರಗಳು ಸಿಕ್ಕವು. ಸಂಜೆ ಚೇಂಬರ್ಸ್‌ನ ಮುಖ್ಯಸ್ಥರ ಬಾಗಿಲನ್ನೂ ನಾನೇ ತಟ್ಟಿದೆ. ಅವರು ಬಾರಿಸ್ಟರುಗಳ ಮೇಲ್ವಿಚಾರಣೆಯ ಮಂಡಳಿಗೆ ಬರೆದರು. ಬಾರಿಸ್ಟರುಗಳ ಪಟ್ಟಿಯಿಂದ ನನ್ನ ಹೆಸರು ಹೋಗಲಿಲ್ಲ, ಎಚ್ಚರಿಕೆಯ ಪತ್ರ ಆಮೇಲೆ ಬಂತು. ಗುರುವಾರದ ಓಟಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲವಂತೆ.

ಶುಕ್ರವಾರ ನಾನು ರಟ್ಟಿನ ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದೆ. ಮುಂದೆ ಯಾರು ಸೇರಿಸಿಕೊಳ್ಳುತ್ತಾರೆಂದು ಗೊತ್ತಿರಲಿಲ್ಲ. ಫಿಲಿಪ್ಪಾ ಬಾಗಿಲಲ್ಲಿ ನಿಂತಳು, ಕಣ್ಣು ಕೆಂಪಾಗಿತ್ತು. ನನಗಾಗಿ ಅವಳು ಅತ್ತದ್ದನ್ನೂ ನನ್ನಿಂದ ಸಹಿಸಲಾಗಲಿಲ್ಲ.

"ಹೋಗ್ಬರ್ತೀಯಾ?" ಅಂದು ಅವಳು ಬಲಗೈ ಮುಂದೆ ಚಾಚಿದಳು.

ಬೇಕೆಂದು ಮಾಡಿದ್ದಲ್ಲ, ಅದು ನನಗೆ ಗೊತ್ತು. ಪ್ರೀತಿಯಿಂದಲೇ ಚಾಚಿದ ಕೈ. ಮೂರು ದಿನದಲ್ಲಿ ನಾನು ಅವಳ ಕಣ್ಣಿಗೆ ಹೊರಗಿನವಳಾಗಿದ್ದೆ, ಅಷ್ಟೇ.

ನಾನು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ.

"ನಾವು ಕೈಕುಲುಕಲ್ಲ ಕಣೇ," ಅಂದೆ.

ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಚಾಚಿದ ಕೈಯನ್ನು ಎಲ್ಲಿಡುವುದೆಂದು ತೋಚದೆ ಫಿಲಿಪ್ಪಾ ಹಾರ್ಕೋರ್ಟ್ ಕೂದಲು ಸರಿಮಾಡಿಕೊಂಡಳು.