ಹಾಕದ ಹಾರ್ನ್

"ಹಾರ್ನ್ ಹಾಕಿದ್ದಾರಾ, ಇಲ್ಲವಾ? ಅಷ್ಟು ಹೇಳಿದರೆ ಸಾಕು ಮಾಷ್ಟ್ರೇ," ಎಂದ ನೋಣಯ್ಯ.

ಯಾಕೂಬ್ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ಒರೆಸುವಂಥದ್ದೇನೂ ಇರಲಿಲ್ಲ. ಬೆಳುವಾಯಿ ದಾಟಿದ ಮೇಲೆ ಬರುವ ತಿರುವಿನಲ್ಲಿ, ನೋಣಯ್ಯನ ಅಂಗಡಿಯ ಬೆಂಚಿನ ಮೇಲೆ ಅವನನ್ನು ಕೂರಿಸಿ ಊರಿನವರು ಸುತ್ತ ನಿಂತಿದ್ದರು. ಅಷ್ಟು ಹೊತ್ತು ತುಳುವಿನಲ್ಲಿ ವಾದ ಮಾಡಿದವರು, ಕಾಲೇಜಿನಲ್ಲಿ ಚರಿತ್ರೆ ಕಲಿಸುವವನೆಂದು ತಿಳಿದ ಮೇಲೆ ಅವನಿಗಾಗಿ ಕನ್ನಡಕ್ಕೆ ಬಂದಿದ್ದರು. ಮರ್ಯಾದೆಯೇ ಇರಬೇಕು.

ರಸ್ತೆಯ ಈ ಬದಿ ಅವನ ಸಹೋದ್ಯೋಗಿ ಮಹಾಲಿಂಗೇಶ್ವರನ ಹೊಸ ಮಾರುತಿ ಕಾರು, ಎಡಮಗ್ಗುಲನ್ನು ದೈವದ ಕಟ್ಟೆಗೆ ಉಜ್ಜಿಕೊಂಡು ನಿಂತಿತ್ತು. ಎಡಬಾಗಿಲು ತೆರೆಯದೆ ಯಾಕೂಬ್ ಡ್ರೈವರ್ ಸೀಟಿನ ಮೇಲಿಂದ ತೆವಳಿ ಹೊರಬಂದಿದ್ದ. ಆ ಬದಿ ಚರಂಡಿಯಲ್ಲಿ, ಊರೂರಿಗೆ ಬಾಡಿಗೆಗೆ ಜನ ಸಾಗಿಸುವ ಸರ್ವಿಸ್ ಜೀಪು. ಅದರ ಡ್ರೈವರ್ ಇದಿನಬ್ಬ ಊದಿದ ಕೈಯನ್ನು ಎದೆಗೊತ್ತಿಕೊಂಡು ನೆಲದಲ್ಲಿ ಕೂತಿದ್ದ. ತಪ್ಪು ಅವನದೆಂದಾದರೆ ಧಣಿ ಸಂಜೆಯೊಳಗೆ ಜೀಪಿನ ಕೀ ಕಿತ್ತುಕೊಳ್ಳುತ್ತಾನೆ. ಅದನ್ನು ಅವನೇ ಹೇಳಿ ಮುಗಿಸಿದ್ದ. ಪೊಲೀಸು ಬೇಡ, ಇಲ್ಲೇ ಮುಗಿಸುವ ಎಂದು ಎಲ್ಲರೂ ಒಪ್ಪಿದ್ದರು.

ಕಟ್ಟೆಯ ಮೇಲೆ ಕಾಣಿಕೆ ಡಬ್ಬಿ. ಹಾರ್ನ್ ಹಾಕದೆ ಯಾರೂ ಅದನ್ನು ದಾಟುವುದಿಲ್ಲ. ದೈವಕ್ಕೆ ಸಲ್ಲಬೇಕಾದ ಮರ್ಯಾದೆ ಅದು. ಬಸ್ಸಿನವರೂ ಹಾಕುತ್ತಾರೆ, ಲಾರಿಯವರೂ, ಇದಿನಬ್ಬನೂ. ಹಾಗಾಗಿ ಆ ತಿರುವಿನಲ್ಲಿ ಹಾರ್ನ್ ಕೇಳಿಸದಿದ್ದರೆ ಎದುರು ಯಾರೂ ಇಲ್ಲವೆಂದೇ ಲೆಕ್ಕ.

"ನಾನು ಹಾಕಿದೆ," ಎಂದ ಇದಿನಬ್ಬ. "ಎದುರಿಂದ ಹಾರ್ನ್ ಬರ್ಲಿಲ್ಲ. ಗಾಡಿ ಇಲ್ಲ ಅಂತ ತಿರುಗಿಸಿದೆ."

ಅಲ್ಲಿ ಹಾರ್ನ್ ಹಾಕದವನು ಮಹಾಲಿಂಗೇಶ್ವರ ಒಬ್ಬನೇ. ಫಿಸಿಕ್ಸ್ ಕಲಿಸುವವನು. ದೈವಕ್ಕೆ ಕಿವಿ ಉಂಟಾ ಎಂದು ಕೇಳುವವನು. ಅವನೂ ಯಾಕೂಬನೂ ಸೇರಿ ಸ್ಟಾಫ್ ರೂಮಿನಲ್ಲಿ ಎಲ್ಲ ದೇವರುಗಳನ್ನೂ ಭೇದವಿಲ್ಲದೆ ಗೇಲಿ ಮಾಡಿದವರು. ತೊಂಬತ್ತೆರಡರ ಆ ಡಿಸೆಂಬರಿನಲ್ಲೂ ಒಂದೇ ಬುತ್ತಿ ಬಿಚ್ಚಿ ಉಂಡವರು.

ಬೆಳಿಗ್ಗೆ ನಾರಾವಿಯ ಮದುವೆಗೆಂದು ಹೊರಟು ಈ ತಿರುವಿಗೆ ಬಂದಾಗ ಎದುರಿನಿಂದ ಹಾರ್ನ್ ಕೇಳಿತ್ತು. "ಬಂದ ನೋಡು ಭಕ್ತ," ಎಂದಿದ್ದ ಮಹಾಲಿಂಗೇಶ್ವರ. ಯಾಕೂಬ್ ನಕ್ಕಿದ್ದ. ನಗು ಮುಗಿಯುವ ಮೊದಲೇ ಜೀಪು ಬಂದಿತ್ತು.

"ಹಾಕಿದ್ದೇನೆ ಮಾರಾಯ್ರೆ," ಎನ್ನುತ್ತಿದ್ದ ಈಗ ಅದೇ ಮಹಾಲಿಂಗೇಶ್ವರ. "ದೈವದ ಎದುರು ಹಾರ್ನ್ ಹಾಕದೆ ಹೋಗ್ಲಿಕ್ಕೆ ನಾನೇನು ಪರವೂರಿನವನಾ? ಅಜ್ಜನ ಕಾಲದಿಂದ ಈ ಕಟ್ಟೆಗೆ ದೀಪದ ಎಣ್ಣೆ ನಮ್ಮ ಮನೆಯದ್ದು."

ಯಾಕೂಬ್ ತಲೆಯೆತ್ತಿದ. ಈ ಅಜ್ಜ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಸ್ಟಾಫ್ ರೂಮಿಗೆ ಬಂದಿರಲಿಲ್ಲ. ಮಹಾಲಿಂಗೇಶ್ವರ ಯಾಕೂಬನೊಬ್ಬನನ್ನು ಬಿಟ್ಟು ಉಳಿದೆಲ್ಲರನ್ನೂ ನೋಡುತ್ತಿದ್ದ.

ಇದಿನಬ್ಬ ಮೆಲ್ಲಗೆ, ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ, ಕಂಡದ್ದನ್ನು ಹೇಳಿಬಿಡಿ ಎಂದ. ಯಾಕೂಬನ ಮನೆಯ ಮಾತೂ ಅದೇ. ನಿಂತವರೆಲ್ಲ ಒಮ್ಮೆಗೇ ಯಾಕೂಬನತ್ತ ತಿರುಗಿದರು.

"ಇಲ್ಲ," ಎಂದ ಯಾಕೂಬ್, ಪಾಠ ಹೇಳುವ ಕನ್ನಡದಲ್ಲಿ. "ಅವನು ಹಾರ್ನ್ ಹಾಕಲಿಲ್ಲ."

ಮಹಾಲಿಂಗೇಶ್ವರನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅವನು ಸಣ್ಣಗೆ ನಕ್ಕು ಯಾಕೂಬನ ಹೆಗಲ ಮೇಲೆ ಕೈಯಿಟ್ಟ.

"ಇವನನ್ನು ಕೇಳಿದ್ದೇ ತಪ್ಪು ನೋಣಯ್ಯ. ಪಾಪ, ಇವನಿಗೂ ಇವನ ಜನ ಅಂತ ಇರ್ತದಲ್ಲ. ನನಗೇನೂ ಬೇಜಾರಿಲ್ಲ."

ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ಯಾರ ಮುಖದಲ್ಲೂ ದ್ವೇಷವಿರಲಿಲ್ಲ. ಸುಳ್ಳನ್ನು ಯಾಕೂಬ್ ಕ್ಷಮಿಸಬಹುದಿತ್ತು; ಹೆದರಿದವನು ಸುಳ್ಳು ಹೇಳುತ್ತಾನೆ. ಆದರೆ ಈ ಕನಿಕರ ಇಷ್ಟು ವರ್ಷ ಎಲ್ಲಿತ್ತು? ಬುತ್ತಿ ಬಿಚ್ಚುವಾಗಲೂ ಇತ್ತೇ? ಹೆಗಲ ಮೇಲಿನ ಕೈಯನ್ನು ಕೊಡವಿ ಹಾಕಬೇಕೆನಿಸಿತು. ಕೊಡವಿದರೆ ಅದಕ್ಕೂ ಒಂದು ಅರ್ಥ ಹುಟ್ಟುತ್ತದೆಂದು ಹಾಗೆಯೇ ಕೂತ.

"ಹಾಗಾದರೆ ಜೀಪಿನದ್ದೇ ತಪ್ಪು," ಎಂದು ನೋಣಯ್ಯ ಎದ್ದ. ಜನ ಚದುರಿತು.

"ನೀವು ನೋಡ್ಲಿಲ್ಲ ಅಂತ ಹೇಳ್ಬೇಕಿತ್ತು ಸರ್," ಎಂದ ಇದಿನಬ್ಬ. "ಇಬ್ಬರದ್ದೂ ತಪ್ಪು ಅಂತ ಬಿಡ್ತಿದ್ರು." ಈ ಸಲ ಅವನು ಕನ್ನಡದಲ್ಲಿ ಹೇಳಿದ.

ಮಹಾಲಿಂಗೇಶ್ವರ ಚಪ್ಪಲಿ ಕಳಚಿ ಕಟ್ಟೆಯ ಮುಂದೆ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ. ಒಂದು ಕಣ್ಣಾದರೂ ತೆರೆದು ತನ್ನತ್ತ ಮಿಟುಕಿಸುತ್ತಾನೆಂದು ಯಾಕೂಬ್ ಕಾದ. ಮಿಟುಕಿಸಲಿಲ್ಲ. ಯಾಕೂಬ್ ಬಂದ ದಾರಿಯಲ್ಲೇ ಮೂಡುಬಿದಿರೆಯ ಕಡೆಗೆ ನಡೆಯತೊಡಗಿದ.

ತಿರುವು ದಾಟುತ್ತಲೇ ಬೆನ್ನ ಹಿಂದೆ ಹಾರ್ನ್ ಕೇಳಿತು. ಉದ್ದಕ್ಕೆ, ಭಕ್ತಿಯಿಂದ ಹಾಕಿದ ಹಾರ್ನ್. ಅವನ ಕಾಲುಗಳು ತಾವಾಗಿ ರಸ್ತೆಯಂಚಿಗೆ ಸರಿದಿದ್ದವು. ಹಿಂದಕ್ಕೆ ತಿರುಗಿಸಿಕೊಂಡ ಮಾರುತಿ ಪಕ್ಕದಲ್ಲಿ ಬಂದು ನಿಂತಿತು.

"ಹತ್ತು ಮಾರಾಯ. ಬಿಸಿಲು."

ಮಹಾಲಿಂಗೇಶ್ವರ ಬಾಗಿ ಎಡಬಾಗಿಲನ್ನು ಒಳಗಿನಿಂದ ದೂಡಿದ. ಅದು ಕದಲಲಿಲ್ಲ. ಬಗ್ಗಿದ ತಗಡು ಚೌಕಟ್ಟಿಗೆ ಕಚ್ಚಿಕೊಂಡಿತ್ತು.

"ನೀನು ಹೊರಗಿಂದ ಎಳಿ."

ಯಾಕೂಬನ ಕೈ ಬಾಗಿಲಿನ ಹಿಡಿಯ ಮೇಲಿತ್ತು. ಯಾವಾಗ ಹೋಯಿತೆಂದು ಅವನಿಗೆ ತಿಳಿಯಲಿಲ್ಲ. ಗಾಜಿನಾಚೆ ಮಹಾಲಿಂಗೇಶ್ವರನ ಮುಖ ಕೆಂಪಾಗಿ, ತುಟಿ ಏನನ್ನೋ ಹೇಳುತ್ತಿತ್ತು.

ತಿರುವಿನ ಆಚೆ, ಕಟ್ಟೆಯ ಬಳಿ, ಬಸ್ಸೊಂದು ಹಾರ್ನ್ ಹಾಕಿತು. ಉತ್ತರವಾಗಿ ಹಾರ್ನ್ ಹಾಕಬೇಕಾದವನು ಸ್ಟಿಯರಿಂಗ್ ಬಿಟ್ಟು ಎರಡೂ ಕೈಗಳಿಂದ ಬಾಗಿಲನ್ನು ದೂಡುತ್ತಿದ್ದ. ಯಾಕೂಬ್ ಹಿಡಿಯನ್ನು ಬಿಡಲಿಲ್ಲ, ಎಳೆಯಲೂ ಇಲ್ಲ. ಇಲ್ಲಿಂದ ಹಾರ್ನ್ ಕೇಳಿಸದ್ದರಿಂದ, ತಿರುವಿನಾಚೆ ಯಾರೂ ಇಲ್ಲವೆಂದು ಬಸ್ಸು ತಿರುವಿಗೆ ಬರುತ್ತಿತ್ತು.